ಉಮ್ಮನ ಬೆನ್ನಿಗೆ ಬಡಿದದ್ದು

ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಓದು ನಿಲ್ಲಿಸುತ್ತಿದ್ದೆ. ಇಚಿಲಂಪಾಡಿಯಲ್ಲಿ ಬೀಡಿ ಸುತ್ತಿಯೇ ನನ್ನ ಉಮ್ಮ ನನ್ನನ್ನು ಬಿ.ಎಸ್ಸಿ. ಓದಿಸಿದರು. ನಮ್ಮ ಕುಟುಂಬದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಅದರ ಹೆಮ್ಮೆ ನನಗೆ ಉಂಟು, ಮುಚ್ಚಿಡುವುದಿಲ್ಲ. ಕಡಬದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನೆರೆಯವರು ಜ್ವರಕ್ಕೆ ಕುರ್‌ಆನ್ ಓದಿ ಊದಿಸಿದ ನೀರು ತಂದರೆ, ಮೊದಲು ಕುದಿಸಿ ಎನ್ನುತ್ತಿದ್ದವಳು ನಾನು.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲೇ ಕುಸಿದು ಬಿದ್ದೆ. ಹೃದಯದ ಬಡಿತ ಲಯ ತಪ್ಪುವ ಕಾಯಿಲೆ ಎಂದರು. ಮಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಎಡಗಡೆ ಕೊರಳೆಲುಬಿನ ಕೆಳಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಯಂತ್ರವೊಂದನ್ನು ಕೂರಿಸಿದರು. ಬಡಿತ ತೀರಾ ಹದ ತಪ್ಪಿದರೆ ಅದು ಒಳಗಿನಿಂದಲೇ ಶಾಕ್ ಕೊಟ್ಟು ಸರಿಮಾಡುತ್ತದೆ. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಡಬದ ಬಸ್ಸಿನಲ್ಲಿ ಕೊಟ್ಟಿತು ಕೂಡ. ಎದೆಗೆ ಒನಕೆಯಲ್ಲಿ ಹೊಡೆದ ಹಾಗೆ. ಅದರಿಂದಲೇ ಬದುಕಿದೆ. ಆದರೆ ಮತ್ತೆ ಬಹಳ ಕಾಲ ಬಸ್ಸು ಹತ್ತಲಿಲ್ಲ.

ಆಮೇಲೆ ಕಾಯುವುದೇ ಕೆಲಸವಾಯಿತು, ಇನ್ನು ಯಾವಾಗ ಹೊಡೆಯುತ್ತದೋ ಎಂದು. ಶಾಲೆಗೆ ರಜೆ ಹಾಕಿದೆ. ಬಾಗಿಲು ಹಾಕಿ ಸ್ನಾನ ಮಾಡುವುದು ಬಿಟ್ಟೆ, ಜೋರಾಗಿ ನಗುವುದು ಬಿಟ್ಟೆ. ದುಡಿದರೆ ದಣಿವಾಗುತ್ತದೆ ಎಂದು ಗೊತ್ತಿತ್ತು. ಕಾದರೂ ಅಷ್ಟೇ ದಣಿವಾಗುತ್ತದೆ ಎಂದು ಆಗ ತಿಳಿಯಿತು.

ಉಮ್ಮನಿಗೆ ನನ್ನನ್ನೂ ನೋಡಿಕೊಳ್ಳಬೇಕು, ಬೀಡಿಯೂ ಆಗಬೇಕು. ಅವರ ಎರಡೂ ಕೈ ಎಲೆ, ನೂಲಿನಲ್ಲಿ. ಕಣ್ಣು ಮಡಿಲಿನ ತಡ್ಪೆಯಲ್ಲಿ, ಎಲೆ, ಹೊಗೆಸೊಪ್ಪು ಹರಡಿದ ಆ ಮೊರದಲ್ಲಿ. ಹಾಗಾಗಿ ಜಗಲಿಯಲ್ಲಿ ನನ್ನ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು ಕೂರತೊಡಗಿದರು. ನನ್ನ ಉಸಿರು ಅವರಿಗೆ ಬೆನ್ನಿನಲ್ಲೇ ಗೊತ್ತಾಗುತ್ತಿತ್ತು. "ಎಂತದಕ್ಕೆ ಉಸಿರು ಹಿಡಿದದ್ದು? ಬಿಡು," ಎನ್ನುತ್ತಿದ್ದರು, ತಿರುಗಿ ನೋಡದೆ.

ಪಕ್ಕದ ಮನೆಯ ನೆಬೀಸ ಒಮ್ಮೆ ನಿಂತು ನೋಡಿ, "ಎಂತ ಮಾರಾಯ್ತಿ, ತಾಯಿ ಮಗಳಿಗೆ ಜಗಳವಾ? ಮುಖವೇ ನೋಡುದಿಲ್ಲ," ಎಂದಳು.

"ಮುಖ ನೋಡ್ತಾ ಕೂತರೆ ಬೀಡಿ ಯಾರು ಸುತ್ತುದು, ನೀನಾ?" ಎಂದರು ಉಮ್ಮ.

ಅದು ಮೇ ತಿಂಗಳ ಒಂದು ಮಧ್ಯಾಹ್ನ. ಶಾಲೆಯಿಂದ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದ್ದರು. ಜೂನ್‌ಗೆ ಬರುತ್ತೀರೋ ಇಲ್ಲವೋ ಹೇಳಿ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಫೋನ್ ಇಟ್ಟು, ಬೆನ್ನಿಗೆ ಬೆನ್ನು ಕೊಟ್ಟೇ, "ಬರುದು ಅಂತ ಹೇಳಲಾ ಉಮ್ಮಾ?" ಎಂದು ಕೇಳಿದೆ.

ಆಗ ಹೊಡೆಯಿತು. ಅದೇ ಒನಕೆ. ನಾನು ಕೂಗಲಿಲ್ಲ, ಕೂಗಲು ಉಸಿರೇ ಇರಲಿಲ್ಲ. ಕೂಗಿದ್ದು ಉಮ್ಮ. ತಡ್ಪೆ ಅಂಗಳಕ್ಕೆ ಹಾರಿ ಹೊಗೆಸೊಪ್ಪಿನ ಪುಡಿಯೆಲ್ಲ ಚೆಲ್ಲಿತು. "ನನಗೆ ಎಂತದು ಹೊಡೆದದ್ದು?" ಎಂದು ಬಲ ಹೆಗಲು ಹಿಡಿದುಕೊಂಡರು. ಬೆನ್ನಿಗೆ ಬೆನ್ನು ಕೊಟ್ಟಾಗ ನನ್ನ ಎಡಕ್ಕೆ ಅವರ ಬಲ ಬರುತ್ತದೆ. ಆ ಕೈ ಸಂಜೆಯ ಮಗ್ರಿಬ್ ಬಾಂಗಿನವರೆಗೂ ಜೋಮು ಹಿಡಿದಿತ್ತು. ಮತ್ತೆ ಒಂದು ಬೀಡಿಯೂ ಆಗಲಿಲ್ಲ.

ಮರುದಿನ ಕಾರು ಗೊತ್ತುಮಾಡಿ ಇಬ್ಬರೂ ಮಂಗಳೂರಿಗೆ ಹೋದೆವು. ನನ್ನ ಯಂತ್ರ ತಾನು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಓದಿ ನೋಡಿದ ಡಾಕ್ಟರು, "ಯಂತ್ರ ಶಾಕ್ ಕೊಟ್ಟೇ ಇಲ್ಲ. ನಿಮ್ಮ ಬಡಿತವೂ ತಪ್ಪಿಲ್ಲ," ಎಂದರು. ಒಮ್ಮೆ ಶಾಕ್ ತಿಂದವರಿಗೆ ಹೀಗಾಗುವುದುಂಟಂತೆ, ಹೆದರಿಕೆ ದೇಹದಲ್ಲೇ ಉಳಿದು ಹೊಡೆಯುತ್ತದಂತೆ. "ನೀವು ಸುಳ್ಳು ಹೇಳುದಲ್ಲ. ನಿಮಗೆ ನೋವಾದದ್ದು ನಿಜವೇ. ಮನಸ್ಸಿನ ಡಾಕ್ಟರನ್ನೂ ನೋಡಿ."

ನನಗೆ ನಾಚಿಕೆಯಾಯಿತು. ಹಿಂದೆಯೇ ಹಗುರವೂ ಆಯಿತು. ಮನಸ್ಸಿನದ್ದೇ ಆದರೆ ಅದಕ್ಕೂ ಚಿಕಿತ್ಸೆ ಉಂಟಲ್ಲ.

"ಹಾಗಾದರೆ ಉಮ್ಮನಿಗೆ ಹೊಡೆದದ್ದು?" ಎಂದೆ.

"ನೀವು ಬೆಚ್ಚಿದ್ದು ಅವರಿಗೆ ತಾಗಿರಬೇಕು."

"ಸಂಜೆವರೆಗೆ ಕೈ ಜೋಮು?"

ಡಾಕ್ಟರು ಉಮ್ಮನ ಬಲಗೈ ಬೆರಳು ಮಡಚಿಸಿ ನೋಡಿದರು. "ಹೆದರಿಕೆ ನಿಮಗೊಬ್ಬರಿಗೇ ಅಂತ ಎಣಿಸಿದ್ರಾ?" ಎಂದರು.

ಪುತ್ತೂರಿನಲ್ಲಿ ಮನಸ್ಸಿನ ಡಾಕ್ಟರನ್ನು ಕಂಡೆ, ಈಗಲೂ ಕಾಣುತ್ತೇನೆ. ಜೂನ್‌ನಲ್ಲಿ ಶಾಲೆಗೆ ಹೋದೆ, ಬಸ್ಸಿನಲ್ಲೇ. ಡಾಕ್ಟರು ಹೇಳಿದ್ದು ಸರಿಯೇ ಇರಬೇಕು. ಮಕ್ಕಳು ಕೇಳಿದರೆ ನಾನೂ ಹಾಗೆಯೇ ವಿವರಿಸುತ್ತೇನೆ. ಆದರೆ ಆ ದಿನ ಹಿಂದೆ ಬರುವಾಗ ಉಪ್ಪಿನಂಗಡಿ ದಾಟಿದ ಮೇಲೆ ಉಮ್ಮ ಕೇಳಿದರು: "ನಿನಗೆ ಹೊಡೆಯಲಿಲ್ಲ ಅಂತ ಅವರ ಮಿಷನಿನಲ್ಲಿ ಬಂತು. ಸರಿ. ನನಗೆ ಹೊಡೆದದ್ದು ಯಾವ ಮಿಷನಿನಲ್ಲಿ ಬರುದು?"

ವಿಜ್ಞಾನ ಕಲಿಸುವ ನಾನು ಅವರ ಬಲ ಹೆಗಲು ತಿಕ್ಕುತ್ತ ಕೂತೆ.

ಶಾಲೆಯಿಂದ ಬಂದವಳು ಈಗಲೂ ಜಗಲಿಯಲ್ಲಿ ಅವರ ಬೆನ್ನಿಗೆ ಒರಗುತ್ತೇನೆ. ಒರಗುವ ಮೊದಲು, ಒಂದು ಗಳಿಗೆ, ಇಬ್ಬರೂ ಉಸಿರು ಹಿಡಿಯುತ್ತೇವೆ.