ವನಜಕ್ಕ ಸಮುದ್ರ ನೋಡಿದ್ದು

ದಸರಾ ರಜೆ ಶುರುವಾದ ಮಾರನೆಯ ದಿನ, ಇನ್ನೂ ಬೆಳಕು ಹರಿಯುವ ಮೊದಲೇ ನಾವು ತುಮಕೂರು ಬಿಟ್ಟೆವು. ನಾವು ಎಂದರೆ ನಾನು ಮತ್ತು ನನ್ನ ಅಕ್ಕ ವನಜಾಕ್ಷಿ. ನನ್ನ ಮನೆ ಗುಬ್ಬಿಯಲ್ಲಿ, ಕೆಲಸ ನಿಟ್ಟೂರಿನ ಶಾಲೆಯಲ್ಲಿ. ಅಕ್ಕನ ಮನೆ ತುಮಕೂರಿನಲ್ಲಿ. ಇಬ್ಬರೂ ಹುಟ್ಟಿ ಬೆಳೆದದ್ದು ಕುಣಿಗಲ್ಲಿನಲ್ಲಿ. ಅಲ್ಲಿಯ ಕೆರೆಗಿಂತ ದೊಡ್ಡ ನೀರನ್ನು ಅಕ್ಕ ಐವತ್ತು ದಾಟಿದರೂ ಕಂಡಿರಲಿಲ್ಲ.

ಕಾಣುವುದಕ್ಕೆ ಬಿಡುವಾದರೂ ಎಲ್ಲಿತ್ತು? ಭಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದವರು ಅಕ್ಕ ಮತ್ತು ಅವಳ ಅತ್ತೆ ಇಬ್ಬರೇ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದು ವರ್ಷಗಳಾಗಿವೆ. ಕೈ ಹೆಗಲಿನಿಂದ ಮೇಲೆ ಏಳುವುದಿಲ್ಲ, ಕಣ್ಣು ಮಂಜು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವುದು, ಅತ್ತೆಗೆ ಮೈ ಒರೆಸಿ, ಹಣೆಗೆ ವಿಭೂತಿ ಇಟ್ಟು, ಹರಳೆಣ್ಣೆ ಸವರಿ ಜಡೆ ಹಾಕುವುದು, ಗಂಜಿ ಕುಡಿಸುವುದು, ಅವರು ನಿದ್ದೆ ಮಾಡಿದಾಗ ಹೊಲಿಗೆ ಯಂತ್ರದ ಮುಂದೆ ಕೂತು ಅಕ್ಕಪಕ್ಕದವರ ರವಿಕೆ ಹೊಲಿಯುವುದು, ಇಷ್ಟರಲ್ಲೇ ಅಕ್ಕನ ದಿನ ಮುಗಿಯುತ್ತಿತ್ತು. ನಾನೇ ಹಟ ಹಿಡಿದು ಟಿಕೆಟ್ ಮಾಡಿಸಿದೆ. ಅತ್ತೆಯನ್ನು ನೋಡಿಕೊಳ್ಳುವುದಕ್ಕೆ ಹತ್ತಿರದ ಕೋರ ಊರಿನ ರತ್ನಮ್ಮ ಎಂಬಾಕೆಯನ್ನು ಗೊತ್ತುಮಾಡಿದೆವು. ರೋಗಿಗಳನ್ನು ನೋಡಿಕೊಂಡು ಅಭ್ಯಾಸವಿದ್ದ, ಗಟ್ಟಿ ಹೆಂಗಸು.

ಹೊರಡುವಾಗ ಅಕ್ಕ ಮಂಚದ ಹತ್ತಿರ ಹೋಗಿ, "ಅತ್ತೆ, ಹೋಗ್ಬರ್ತೀನಿ" ಎಂದಳು. ಅವರು "ಹಾಲು ಬಂತಾ?" ಎಂದರು. ಅಷ್ಟೇ.

ಡಾಬಸ್‌ಪೇಟೆ, ದೊಡ್ಡಬಳ್ಳಾಪುರದ ದಾರಿಯಲ್ಲಿ ಬಾಡಿಗೆ ಕಾರು ನಮ್ಮನ್ನು ವಿಮಾನ ನಿಲ್ದಾಣ ಮುಟ್ಟಿಸಿತು. ಕಾರಿನ ಬಾಡಿಗೆ ಕೇಳಿ ಅಕ್ಕ, "ಇದ್ರಲ್ಲಿ ಧರ್ಮಸ್ಥಳಕ್ಕೆ ನಾಕ್ ಸಲ ಹೋಗ್ಬರ್ಬೋದಿತ್ತು" ಎಂದು ಗೊಣಗಿದಳು. ಎರಡೂವರೆ ಗಂಟೆಯ ಹಾರಾಟದ ಮೇಲೆ ಪೋರ್ಟ್ ಬ್ಲೇರ್ ಬಂತು. ಅದಕ್ಕೀಗ ಶ್ರೀವಿಜಯಪುರಂ ಎಂದು ಹೆಸರು. ಸೆಖೆ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟಿಕೊಂಡಿತು. ಆ ರಾತ್ರಿ ಅಲ್ಲೇ ಉಳಿದು, ಮರುದಿನ ಬೆಳಿಗ್ಗೆ ನೀಲ್ ದ್ವೀಪಕ್ಕೆ ದೊಡ್ಡ ದೋಣಿ ಹತ್ತಿದೆವು.

ದೋಣಿ ಬಂದರಿನ ಗೋಡೆ ದಾಟಿ ತೆರೆದ ನೀರಿಗೆ ಬಂದಾಗ ಅಕ್ಕ ಕಂಬಿ ಹಿಡಿದು ನಾಲ್ಕೂ ಕಡೆ ಕಣ್ಣಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಇದಕ್ಕೆ ಏರಿ ಎಲ್ಲಿದೆ ಶೋಭಾ?"

ನಾನು ನಕ್ಕೆ. ಅವಳು ನಗಲಿಲ್ಲ.

ನೀಲ್ ಸಣ್ಣ ದ್ವೀಪ. ಸೈಕಲ್ಲಿನಲ್ಲಿ ಅರ್ಧ ದಿನದೊಳಗೆ ಸುತ್ತಿ ಬರಬಹುದು. ತೆಂಗು, ಅಡಿಕೆ, ಬಾಳೆ, ನಡುನಡುವೆ ಬದನೆ, ಸೋರೆ, ಕುಂಬಳದ ತೋಟಗಳು. ಬಂಗಾಳದಿಂದ ಬಂದು ನೆಲೆಸಿದವರೇ ಹೆಚ್ಚು. ನಾವಿಳಿದ ಮನೆಯ ಒಡತಿ ಮಾಲತಿ ದೀದಿಯೂ ಹಾಗೇ ಬಂದವರ ಮಗಳು. ಮೀನು ತಿನ್ನದ ಅತಿಥಿಗಳನ್ನು ಕಂಡು ಆಕೆಗೆ ಮರುಕ ಹುಟ್ಟಿ, ಎರಡು ಹೊತ್ತೂ ಅನ್ನ, ಬೇಳೆ, ಕುಂಬಳಕಾಯಿ ಪಲ್ಯ ಮಾಡಿ ಬಡಿಸಿದಳು. ನಮ್ಮ ಹಿಂದಿ ಅರ್ಧ, ಅವಳದು ಮುಕ್ಕಾಲು. ಉಳಿದದ್ದನ್ನು ಕೈಸನ್ನೆ ತುಂಬಿಕೊಡುತ್ತಿತ್ತು.

ಅಲ್ಲಿ ಒಂದು ವಿಚಿತ್ರವಿದೆ. ಗಡಿಯಾರ ನಮ್ಮೂರಿನದೇ, ಸೂರ್ಯ ಮಾತ್ರ ಬೇರೆ. ಬೆಳಿಗ್ಗೆ ಐದಕ್ಕೆಲ್ಲ ಬಿಸಿಲು ಬರುತ್ತದೆ, ಸಂಜೆ ಐದೂವರೆಗೆ ಕತ್ತಲು. ಮೊದಲ ಸಂಜೆ ಮನೆಗೆ ವಿಡಿಯೊ ಕಾಲ್ ಮಾಡಿದಾಗ ನಮ್ಮ ಸುತ್ತ ಕಪ್ಪಾಗಿತ್ತು, ಅತ್ತೆಯ ಮಂಚದ ಮೇಲೆ ಇನ್ನೂ ಹಳದಿ ಬಿಸಿಲು ಬಿದ್ದಿತ್ತು. ಅಕ್ಕ ಆ ಬಿಸಿಲನ್ನೇ ನೋಡುತ್ತಾ, "ನಮ್ಮನೇಲಿ ಇನ್ನೂ ಹೊತ್ತಿದೆ ನೋಡು" ಎಂದಳು.

ಮರುದಿನ ಬೆಳಿಗ್ಗೆ ರತ್ನಮ್ಮನ ಫೋನ್ ಬಂತು. ನಾವು ಜಗಲಿಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆವು.

"ಅಕ್ಕಾ, ಅಜ್ಜಿಗೆ ತಲೆ ಬಾಚಕ್ಕೆ ಯಾರಿಗಾದ್ರೂ ಹೇಳೋಗಿದ್ರಾ?"

"ಇಲ್ವಲ್ಲ. ನೀನೇ ಬಾಚ್ಬೇಕು."

"ನಾನು ಮುಟ್ಟಿಲ್ಲ ಕಣಕ್ಕ. ಹತ್ರ ಹೋದ್ರೆ ಬೈತವ್ರೆ. ಹಾಲು ತರಕ್ಕೆ ಅಂತ ಗೇಟಿಗೆ ಬೀಗ ಹಾಕ್ಕೊಂಡು ಹೋಗಿದ್ದೆ. ಬಂದು ನೋಡಿದ್ರೆ ಎಣ್ಣೆ ಹಚ್ಚಿ ಜಡೆ ಹಾಕೈತೆ. ಹಣೆಗೆ ವಿಭೂತಿ ಐತೆ. ಕೇಳಿದ್ರೆ ವನಜ ಹಾಕಿದ್ಲು ಅಂತವ್ರೆ."

ಅಕ್ಕ, ಪಕ್ಕದ ಮನೆಯವರು ಹಿಂದಿನ ಬಾಗಿಲಿಂದ ಬಂದಿರಬೇಕು ಎಂದಳು. ರತ್ನಮ್ಮ ಹಿಂದಿನ ಬಾಗಿಲ ಚಿಲಕ ಹಾಕಿಯೇ ಇತ್ತೆಂದಳು. ಸ್ವಲ್ಪ ಹೊತ್ತಿಗೆ ಫೋಟೊ ಕಳಿಸಿದಳು. ನೆಟ್‌ವರ್ಕ್ ಕುಂಟುತ್ತಿದ್ದುದರಿಂದ ಚಿತ್ರ ತುಂಡುತುಂಡಾಗಿ ಮೂಡಿತು: ದಿಂಬು, ಬಿಳಿಕೂದಲು, ತೆಳ್ಳನೆಯ ಜಡೆ, ಅದರ ತುದಿಯಲ್ಲಿ ರವಿಕೆಯ ಲೈನಿಂಗ್ ಬಟ್ಟೆಯ ಪಟ್ಟಿಯಿಂದ ಬಿಗಿದ ಗಂಟು. ಅಕ್ಕ ಚಿತ್ರವನ್ನು ಹಿಗ್ಗಿಸಿ ಗಂಟನ್ನೇ ನೋಡಿದಳು. ಚಹಾ ಆರಿಹೋಯಿತು.

"ತುದಿ ಮಡಿಸಿ ಎಡಗಡೆಗೆ ಸಿಕ್ಸಿದೆ. ಹಂಗೆ ಕಟ್ಟೋಳು ನಾನೊಬ್ಳೇ ಕಣೇ" ಎಂದಳು.

"ಅತ್ತೆನೇ ಹೆಂಗೋ ಮಾಡ್ಕೊಂಡಿರ್ತಾರೆ ಬಿಡಕ್ಕ."

"ಕೈ ಎತ್ತಕ್ಕೇ ಆಗಲ್ಲ ಅವ್ರಿಗೆ."

ಆಮೇಲೆ ಅವಳು ತನ್ನ ಅಂಗೈ ಮೂಸಿ ನೋಡಿಕೊಂಡಳು. ಅದನ್ನು ನನ್ನ ಮೂಗಿನ ಹತ್ತಿರ ಹಿಡಿದಳು. ಹರಳೆಣ್ಣೆಯ ಮಂದ ವಾಸನೆ. ನಮ್ಮ ಬ್ಯಾಗಿನಲ್ಲಿ ಹರಳೆಣ್ಣೆ ಇರಲಿಲ್ಲ. ವರ್ಷಗಟ್ಟಲೆ ಸವರಿದ ಎಣ್ಣೆ ಚರ್ಮದೊಳಗೆ ಇಳಿದಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಹಿಂದಿನ ಮಧ್ಯಾಹ್ನವೆಲ್ಲ ಉಪ್ಪುನೀರಲ್ಲಿ ನೆನೆದಿದ್ದ ಕೈ ಅದು.

ಅದರ ಮಾರನೆಯ ದಿನ ಮಧ್ಯಾಹ್ನ ದ್ವೀಪದ ಪಡುವಣ ತೀರಕ್ಕೆ ಹೋದೆವು. ಇಳಿತದ ಹೊತ್ತು. ಸಮುದ್ರ ಬಹಳ ದೂರ ಹಿಂದೆ ಸರಿದು, ತಳದ ಹವಳದ ಬಂಡೆ ಗದ್ದೆಯ ಬಯಲಿನಂತೆ ಬೋಳಾಗಿ ಬಿದ್ದಿತ್ತು. ಅಲ್ಲಲ್ಲಿ ಗುಂಡಿಗಳಲ್ಲಿ ನಿಂತ ನೀರು, ಅದರಲ್ಲಿ ಸಿಕ್ಕಿಕೊಂಡ ಬೆರಳುದ್ದದ ಮೀನುಗಳು. ಗಾಳಿ ಇರಲಿಲ್ಲ, ಅಲೆಯ ಸದ್ದೂ ಇರಲಿಲ್ಲ. ನಾನು ದಡದ ಮರದ ನೆರಳಲ್ಲಿ ಕೂತೆ. ಮೀನು ನೋಡಿ ಬರುತ್ತೇನೆಂದು ಸೀರೆ ಎತ್ತಿ ಸಿಕ್ಕಿಸಿ ಅಕ್ಕ ಬಂಡೆಯ ಮೇಲೆ ನಡೆದುಹೋದಳು.

ನನಗೆ ಜೊಂಪು ಹತ್ತಿರಬೇಕು. ಕಣ್ಣು ಬಿಟ್ಟಾಗ ಅಕ್ಕ ತೀರಾ ದೂರದಲ್ಲಿ, ನೀರು ಹಿಂದೆ ಸರಿದು ನಿಂತಿದ್ದ ಅಂಚಿನಲ್ಲಿ ಸಣ್ಣ ಗೊಂಬೆಯಂತೆ ಕಂಡಳು. ಸಮುದ್ರಕ್ಕೆ ಬೆನ್ನು ಹಾಕಿ ನಿಂತಿದ್ದಳು. ಎರಡೂ ಕೈ ಎದೆಯ ಮುಂದೆ ಅಲುಗುತ್ತಿದ್ದವು. ಏನು ಮಾಡುತ್ತಿದ್ದಾಳೆಂದು ಮೊದಲು ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಖಾಲಿ ಗಾಳಿಯಲ್ಲಿ ಒದ್ದೆ ಬಟ್ಟೆ ಹಿಂಡಿ, ಕೊಡವಿ, ತಂತಿಗೆ ಹರವುತ್ತಿದ್ದಳು. ಮತ್ತೆ ಬಗ್ಗಿ ಇನ್ನೊಂದು ಬಟ್ಟೆ ಎತ್ತಿಕೊಳ್ಳುತ್ತಿದ್ದಳು.

"ಅಕ್ಕಾ!" ಎಂದು ಕೂಗಿದೆ. ಅವಳು ತಲೆ ಎತ್ತಲಿಲ್ಲ. ಅವಳ ಹಿಂದೆ ನೀರು ಆಗಲೇ ಗುಂಡಿಯಿಂದ ಗುಂಡಿಗೆ ಹರಿದು ಬರತೊಡಗಿತ್ತು. ಏರುವಾಗ ಅದು ಸದ್ದು ಮಾಡುವುದಿಲ್ಲವೆಂದೂ, ಹುಷಾರಾಗಿರಬೇಕೆಂದೂ ಮಾಲತಿ ದೀದಿ ಹೇಳಿದ್ದಳು. ಚಪ್ಪಲಿ ಬಿಟ್ಟು ಓಡಿದೆ. ಹವಳದ ಮೊನೆಗೆ ಅಂಗಾಲು ಹರಿಯಿತು. ಹತ್ತಿರ ಹೋಗುವಷ್ಟರಲ್ಲಿ ನೀರು ಅವಳ ಮೊಣಕಾಲಿಗೆ ಬಂದಿತ್ತು. ಅವಳ ಕಣ್ಣು ತೆರೆದೇ ಇತ್ತು, ನನ್ನನ್ನು ಮಾತ್ರ ನೋಡುತ್ತಿರಲಿಲ್ಲ. ಭುಜ ಹಿಡಿದು ಅಲ್ಲಾಡಿಸಿದೆ.

"ಬಂದೆ ಅತ್ತೆ" ಎಂದಳು, ತೀರಾ ಸಹಜವಾಗಿ. ಆಮೇಲೆ ನನ್ನನ್ನು ಕಂಡು, ಕಾಲ ಕೆಳಗಿನ ನೀರನ್ನು ಕಂಡು ಬೆಚ್ಚಿ ನನ್ನ ತೋಳು ಹಿಡಿದಳು. ಒಬ್ಬರನ್ನೊಬ್ಬರು ಎಳೆದುಕೊಂಡು ದಡ ಸೇರಿದೆವು. ತಿರುಗಿ ನೋಡಿದರೆ ಅವಳು ನಿಂತಿದ್ದ ಜಾಗದ ಗುರುತೇ ಇರಲಿಲ್ಲ. ಎಲ್ಲ ಒಂದೇ ನೀಲಿ.

ಮನೆಗೆ ಬಂದು ಅಂಗಾಲಿಗೆ ಅರಿಶಿನ ಮೆತ್ತಿಕೊಳ್ಳುತ್ತಿರುವಾಗ ನನ್ನ ಯಜಮಾನರ ಫೋನ್ ಬಂತು. ಅವರಿಗೆ ಗುಬ್ಬಿಯಲ್ಲಿ ಮೋಟಾರು ರಿಪೇರಿ ಅಂಗಡಿಯಿದೆ. ಸಾಮಾನಿಗೆಂದು ಹಿರೇಹಳ್ಳಿಗೆ ಹೋದವರು, ವಾಪಸ್ ಬರುತ್ತಾ ಅಕ್ಕನ ಮನೆಗೆ ಎಳನೀರು ಕೊಟ್ಟು ಬರಲು ಹೋಗಿದ್ದರಂತೆ.

"ಏನೇ, ವನಜಕ್ಕ ನಿನ್ ಜೊತೆ ಬರ್ಲಿಲ್ವಾ?" ಎಂದರು.

"ಯಾಕ್ರೀ?"

"ಹಿತ್ಲಲ್ಲಿ ಬಟ್ಟೆ ಒಣಗಾಕ್ತಿದ್ರು. ಆ ಕಡೆ ತಿರುಗಿದ್ರು. ಎಳನೀರು ತಂದಿದೀನಿ ಅಕ್ಕಾ ಅಂತ ಎರಡು ಸಲ ಕೂಗ್ದೆ. ಮಾತಾಡ್ಲಿಲ್ಲ. ಏನಾದ್ರೂ ಬೇಜಾರಾ?"

ಅಕ್ಕ ನನ್ನೆದುರಿಗೇ ಕೂತು ಒದ್ದೆ ಸೀರೆಯ ಅಂಚು ಹಿಂಡುತ್ತಿದ್ದಳು. ನಾನು ಫೋನನ್ನು ಅವಳ ಕೈಗೆ ಕೊಟ್ಟೆ. "ನಾನು ಇಲ್ಲೇ ಇದೀನಪ್ಪ" ಎಂದಳು. ಆಮೇಲೆ ಅವರು, "ಹಂಗಾರೆ ರತ್ನಮ್ಮ ಇರ್ಬೇಕು ಬಿಡಿ" ಎಂದು ಫೋನಿಟ್ಟರು. ರತ್ನಮ್ಮ ಅಕ್ಕನಿಗಿಂತ ಒಂದು ಗೇಣು ಎತ್ತರ, ಮೈಯಲ್ಲಿ ಎರಡರಷ್ಟು.

ರಾತ್ರಿ ಊಟಕ್ಕೆ ಕೂತಾಗ, ನಾಳೆಯೇ ಟಿಕೆಟ್ ಬದಲಾಯಿಸೋಣ ಎಂದೆ. ಅಕ್ಕ ಅನ್ನ ಕಲಸುತ್ತಾ ಕೂತಿದ್ದಳು.

"ಬಂಡೆ ಮೇಲೆ ನಿಂಗೇನಾಯ್ತು ಅಕ್ಕಾ?"

"ಮನೇಲಿದ್ದೆ" ಎಂದಳು. "ಕನಸಲ್ಲ ಕಣೇ. ಬಟ್ಟೆ ತಣ್ಣಗೆ ಕೈಗೆ ಹತ್ತುತಿತ್ತು. ಯಾರೋ ಹಿಂದಿಂದ ಅಕ್ಕಾ ಅಂತ ಕೂಗಿದ್ರು. ಗಂಡಸಿನ ದನಿ. ತಿರುಗೋಣ ಅಂದ್ಕೊಂಡೆ, ಅಷ್ಟ್ರಲ್ಲಿ ಅತ್ತೆ ಕರೆದ್ರು."

"ಹೋಗ್ಬಿಡೋಣ ಅಕ್ಕ, ನಂಗೆ ಭಯ ಆಗ್ತಿದೆ" ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ. ಏನನ್ನೋ ಲೆಕ್ಕ ಹಾಕಿ ಮುಗಿಸಿದವರ ಸಮಾಧಾನವಿತ್ತು.

"ಅಲ್ಲಿ ಎಲ್ಲಾ ನಡೀತಿದೆಯಲ್ಲ. ಅತ್ತೆ ಹೊಟ್ಟೆ ತುಂಬ ಉಣ್ತಿದಾರೆ. ಬಟ್ಟೆ ಒಣಗ್ತಿದೆ. ಯಾಕ್ ಹೋಗ್ಬೇಕು ಶೋಭಾ? ಇನ್ನೂ ಎರಡು ದಿನ ಇದೆ."

ಆ ಎರಡು ದಿನ ಅಕ್ಕ ಇದ್ದ ರೀತಿಯನ್ನು ನಾನು ಮರೆಯಲಾರೆ. ಮಾಲತಿ ದೀದಿಯಿಂದ ಅಂಚು ಸವೆದ ಹಳೆಯ ಟೋಪಿಯೊಂದನ್ನು ಇಸಿದುಕೊಂಡು ಹಾಕಿಕೊಂಡಳು. ಎದೆಮಟ್ಟದ ನೀರಲ್ಲಿ ಗಂಟೆಗಟ್ಟಲೆ ಕೂತಳು. ಮೂರು ಸಲ ಅನ್ನ ಹಾಕಿಸಿಕೊಂಡಳು. ಬಿಸಿಲಿಗೆ ಮೂಗು, ತೋಳು ಸುಟ್ಟು ಸಿಪ್ಪೆ ಏಳುತ್ತಿದ್ದರೂ ಹುಡುಗಿಯ ಹಾಗೆ ನಗುತ್ತಿದ್ದಳು. ಮನೆಗೆ ಫೋನ್ ಮಾಡೋಣವೆಂದರೆ "ಬೇಡ, ಕೆಲಸದ ಹೊತ್ತು" ಎನ್ನುತ್ತಿದ್ದಳು. ಯಾರ ಕೆಲಸದ ಹೊತ್ತು ಎಂದು ನಾನು ಕೇಳಲಿಲ್ಲ. ಆದರೆ ನೀರೊಳಗೆ ಹೋದಾಗಲೆಲ್ಲ ಅವಳ ಕೈ ಬಿಡಲೂ ಇಲ್ಲ.

ನಾವು ತುಮಕೂರು ತಲುಪಿದಾಗ ಇಳಿಹೊತ್ತಿನ ಬಿಸಿಲು. ಅಕ್ಕನ ಬೀದಿಯಲ್ಲಿ ತರಕಾರಿ ಗಾಡಿ ನಿಂತಿತ್ತು, ಯಾರದೋ ಮನೆಯ ಮಿಕ್ಸಿ ಸದ್ದು ಮಾಡುತ್ತಿತ್ತು. ರತ್ನಮ್ಮ ಹೂವಿನ ಪೊಟ್ಟಣ ಹಿಡಿದು ಎದುರಿಂದ ಬಂದಳು. ನಮ್ಮನ್ನು ಕಂಡವಳೇ, "ಸದ್ಯ ಬಂದ್ರಲ್ಲ ಅಕ್ಕ, ಇವತ್ತೇ ಹೊರಡ್ತೀನಿ ನಾನು" ಎಂದಳು. ಯಾಕೆ ಎಂದು ಕೇಳಿದೆ. ಅವಳು ಗೇಟಿನ ಬೀಗ ತೆಗೆದು ತಾನು ಹೊರಗೇ ನಿಂತಳು.

ನಾವು ನಡುಮನೆಗೆ ಕಾಲಿಟ್ಟೆವು. ಮಂಚದ ಮೇಲೆ ಅತ್ತೆ ತಲೆ ಹೊರಳಿಸಿದರು. ಜಡೆ ನೀಟಾಗಿ ಹೆಗಲ ಮೇಲಿತ್ತು.

"ವನಜಾ" ಎಂದು ಅವರು ಅಡುಗೆಮನೆಯ ಕಡೆಗೆ ಕೂಗಿದರು, "ಯಾರೋ ಬಂದವ್ರೆ ನೋಡು."

ಅಡುಗೆಮನೆಯಲ್ಲಿ ಬಿಂದಿಗೆಗೆ ನಲ್ಲಿಯ ನೀರು ಬೀಳುವ ಸದ್ದಾಗುತ್ತಿತ್ತು. ನಾನು ನಿಂತಲ್ಲೇ ನಿಂತೆ. ಅಕ್ಕ ಬ್ಯಾಗು ಕೆಳಗಿಟ್ಟು, ಅತ್ತೆಯ ಪಕ್ಕ ಕೂತು, ಅವರ ಕೈ ತೆಗೆದುಕೊಂಡು, "ನಾನು ಅತ್ತೆ, ವನಜ" ಎಂದಳು. ಮುದುಕಿ ಅವಳ ತೋಳನ್ನು, ಸಿಪ್ಪೆ ಎದ್ದ ಚರ್ಮವನ್ನು ಬೆರಳಿಂದ ತಡವಿದರು.

"ಅಲ್ಲ" ಎಂದು ಮೆಲ್ಲನೆ ಕೈ ಹಿಂದಕ್ಕೆಳೆದುಕೊಂಡರು. "ವನಜ ಒಳಗವ್ಳೆ. ನೀನ್ಯಾರಮ್ಮ?"

ಆಗ ಒಳಗೆ ನಲ್ಲಿ ನಿಂತಿತು. ಯಾರೋ ತಿರುಗಿಸಿ ನಿಲ್ಲಿಸಿದ ಹಾಗೆ, ಕಿರ್ ಎಂದು. ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತು ಕಳೆದು ಗಂಜಿ ಬಟ್ಟಲು ಹಿಡಿದು ಬಂದಳು. ಬಟ್ಟಲಿಂದ ಹಬೆ ಏಳುತ್ತಿತ್ತು. ಒಳಗೆ ಏನು ಕಂಡಳೆಂದು ಅವಳು ಹೇಳಲಿಲ್ಲ.

ನಾಲ್ಕಾರು ದಿನ ಅತ್ತೆ ಅವಳ ಕೈಯಿಂದ ಉಣ್ಣಲಿಲ್ಲ. ಬಟ್ಟಲನ್ನು ಮಂಚದ ಪಕ್ಕದಲ್ಲಿಟ್ಟು ಅಕ್ಕ ಹೊರಗೆ ಹೋಗಿ ಕೂತರೆ, ವಾಪಸ್ ಬರುವಾಗ ಬಟ್ಟಲು ಖಾಲಿ. ಸುಟ್ಟ ಸಿಪ್ಪೆಯೆಲ್ಲ ಉದುರಿ, ಕೈಗೆ ಮೊದಲಿನ ಬಣ್ಣ ಬಂದ ಮೇಲೆ ಅತ್ತೆ ಅವಳನ್ನು ಮತ್ತೆ ವನಜಾ ಎಂದು ಕರೆದರು. ನನಗೆ ದೊಡ್ಡ ಭಾರ ಇಳಿದ ಹಾಗಾಯಿತು.

ದೀಪಾವಳಿಗೆ ಹೋಳಿಗೆ ಕೊಡಲು ಹೋದಾಗ ಅಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. ಮೊದಲಿನ ಹಾಗೇ ರವಿಕೆಗಳ ರಾಶಿ, ಮೊದಲಿನ ಹಾಗೇ ಅತ್ತೆಯ ಗೊರಕೆ. ಹೊರಡುವಾಗ ಗೇಟಿನವರೆಗೆ ಬಂದಳು. ನಾನು ಆಟೊ ಹತ್ತಿ ಕೂತ ಮೇಲೆ ಬಗ್ಗಿ ಕೇಳಿದಳು:

"ಬೇಸಿಗೆ ರಜೆಗೆ ಮತ್ತೆ ಹೋಗೋಣ್ವೇನೇ? ಈ ಸಲ ಒಂದು ತಿಂಗಳು ಇದ್ಬರೋಣ."

"ಅಷ್ಟು ದಿನ ಅತ್ತೆನ ಯಾರಕ್ಕ ನೋಡ್ಕೊಳ್ಳೋದು? ರತ್ನಮ್ಮ ಇನ್ನು ಬರಲ್ಲ."

ಅಕ್ಕ ನಕ್ಕಳು, ದ್ವೀಪದಲ್ಲಿ ನಕ್ಕ ಹಾಗೆಯೇ.

"ಯಾರೂ ಬೇಡ ಬಿಡು. ಮನೇಲಿ ಹೆಂಗಿದ್ರೂ ನಾನಿರ್ತೀನಲ್ಲ."

ಆಟೊ ಹೊರಟಿತು. ಬೀದಿ ತಿರುಗುವವರೆಗೂ ನಾನು ಹಿಂದಕ್ಕೆ ನೋಡಲಿಲ್ಲ.