ನಿಂಬೆಹಣ್ಣು ಒಡೆಯದ ಸೈಕಲ್

ಹುಲಿಗೆಮ್ಮನ ಗುಡಿಯ ಮುಂದೆ, ಶುಕ್ರವಾರದ ಗದ್ದಲದಲ್ಲಿ, ಹೆಲ್ಮೆಟ್ ಹಾಕಿಕೊಂಡು ಅಂಗಾತ ಬಿದ್ದಿದ್ದ ಮನುಷ್ಯನನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದರೆ... ಹೌದು, ಅದು ನಾನೇ.

ನನ್ನ ಮೈಮೇಲೆ ಬಿದ್ದಿದ್ದು ನನ್ನ ಹೊಸ ಸೈಕಲ್. ಹೊಸದು ಅಂದರೆ ನನಗೆ ಹೊಸದು. ಸೆಕೆಂಡ್ ಹ್ಯಾಂಡ್ ಕಾರ್ಬನ್ ರೋಡ್ ಬೈಕ್, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ.

ಕೊಪ್ಪಳದಲ್ಲಿ ನಮ್ಮದೊಂದು ಭಾನುವಾರದ ಸೈಕಲ್ ಗುಂಪಿದೆ. ಅದರಲ್ಲಿ ಕೊನೆಗೆ ಮುಟ್ಟುವ ಕೆಲಸ ಖಾಯಂ ನನ್ನದು. ನಾನು ತಲುಪುವಷ್ಟರಲ್ಲಿ ಎಲ್ಲರೂ ಚಹಾ ಕುಡಿದು, ಮಿರ್ಚಿ ಬಜ್ಜಿ ತಿಂದು ಮುಗಿಸಿರುತ್ತಾರೆ. ನನಗೆ ಉಳಿದಿರುವುದು ಎಣ್ಣೆ ಹತ್ತಿದ ಪೇಪರ್.

ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದೆ. "ನಂದೇನಿಲ್ರಿ, ಸೈಕಲ್ ಭಾಳ ಭಾರ ಐತಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನನ್ನ ಹೆಂಡತಿ ಗೀತಾ ಪ್ರತಿ ಭಾನುವಾರ ನೆನಪಿಸುತ್ತಾಳೆ. ಗೀತಾ ನನಗಿಂತ ನಾಲ್ಕು ಬೆರಳು ಎತ್ತರ. ಮದುವೆ ಫೋಟೋದಲ್ಲಿ ನಾನು ಮಣೆಯ ಮೇಲೆ ನಿಂತಿದ್ದೇನೆ, ಅದು ಬೇರೆ ವಿಷಯ.

ಅಂತೂ ಗಂಗಾವತಿಯ ಡಾಕ್ಟರೊಬ್ಬರು ತಮ್ಮ ಕಾರ್ಬನ್ ಸೈಕಲ್ ಮಾರುತ್ತಾರೆ ಅಂತ ಸುದ್ದಿ ಬಂತು. ಗೆಳೆಯರಿಗೆಲ್ಲ ಮೆಸೇಜ್ ಹಾಕಿಬಿಟ್ಟೆ. ಈ ಭಾನುವಾರ ಮಿರ್ಚಿಗೆ ಆರ್ಡರ್ ಕೊಡುವವನು ನಾನೇ ಅಂತ.

ಹೊರಡುವಾಗ ಅವ್ವ ಬಾಗಿಲಿಗೆ ಬಂದು ನಿಂತಳು. "ಪೂಜಿ ಆಗೋತನಕ ಅದರ ಮ್ಯಾಲ ಕುಂಡ್ರಬ್ಯಾಡ. ಮೊದಲ ಹುಲಿಗೆಮ್ಮನ ಗುಡಿಗೆ ಒಯ್ಯಿ."

ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿನಿಂದ ಹಿಡಿದು ಹೊಲಿಗೆ ಮಷೀನಿನ ತನಕ ಎಲ್ಲಕ್ಕೂ ಇದೇ ಕಾನೂನು. ಕಾರ್ಬನ್ನಿಗೆ ವಿನಾಯಿತಿ ಇಲ್ಲ.

ಗೀತಾ ಕಾರು ಓಡಿಸಿದಳು. ನಾನು ದಾರಿಯುದ್ದಕ್ಕೂ ಯೂಟ್ಯೂಬ್ ನೋಡುತ್ತಾ ಪಂಡಿತನಾದೆ. ಕಾರ್ಬನ್ ಒಳಗೆ ಬಿರುಕಿದ್ದರೆ ಹೊರಗೆ ಕಾಣುವುದಿಲ್ಲವಂತೆ. ನಾಣ್ಯದಿಂದ ತಟ್ಟಬೇಕು, ದನಿ ಮಂಕಾದರೆ ಒಡೆದಿದೆ ಅಂತ ಅರ್ಥ.

ಡಾಕ್ಟರ ಮನೆಯ ಅಂಗಳದಲ್ಲಿ ಮಂಡಿಯೂರಿ ಕೂತು ಸೈಕಲ್ಲಿನ ಮೈತುಂಬ ನಾಣ್ಯದಿಂದ ತಟ್ಟಿದೆ. ಕಿವಿ ಹಚ್ಚಿ ಕೇಳಿದೆ. ಟಾರ್ಚ್ ಬಿಟ್ಟು ನೋಡಿದೆ.

ಆರಡಿ ಎತ್ತರದ ಡಾಕ್ಟರು ತಾಳ್ಮೆಯಿಂದ ನಿಂತಿದ್ದರು. "ಸ್ಟೆತಸ್ಕೋಪ್ ಕೊಡ್ಲೇನ್ರಿ?" ಅಂದರು. ಆಮೇಲೆ, "ಒಂದ್ ರೌಂಡ್ ಹೊಡದು ಬರ್ರಿ ಸರ. ನನಗ ಬೆನ್ನುನೋವಂತ ಕೊಡಾಕತ್ತೀನಿ, ಸೈಕಲ್‌ದೇನೂ ದೂರಿಲ್ಲ."

"ಪೂಜಿ ಆಗಿಲ್ರಿ," ಅಂದೆ.

ಗೀತಾ ಹತ್ತಿರ ಬಂದು ಮೆಲ್ಲಗೆ ಕೇಳಿದಳು. "ರೀ, ನಿಮಗ ದೊಡ್ಡದಾಗಂಗಿಲ್ಲೇನು?"

"ಸೀಟ್ ಇಳಿಸಿದ್ರ ಆತು," ಅಂದೆ. ಎಷ್ಟು ಧೈರ್ಯವಾಗಿ ಅಂದೆ ಗೊತ್ತಾ...

ಸೈಕಲ್ಲನ್ನು ಅವ್ವನ ಕೌದಿಯಲ್ಲಿ ಸುತ್ತಿ, ಕೂಸಿನ ಹಾಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಹುಲಿಗಿಯ ಗುಡಿಗೆ ತಂದೆವು.

ಅರಿಶಿನ ಕುಂಕುಮ ಹಚ್ಚಿದ್ದಾಯಿತು, ಹೂವಿನ ಹಾರ ಹಾಕಿದ್ದಾಯಿತು. ತೆಂಗಿನಕಾಯಿ ಒಡೆಯುವಾಗ ಮಾತ್ರ ನಾನು ಸೈಕಲ್ಲಿಗೆ ಅಡ್ಡ ನಿಂತೆ. ಚಿಪ್ಪು ಸಿಡಿದರೆ ನನ್ನ ಮೈಗೆ ಸಿಡಿಯಲಿ, ಕಾರ್ಬನ್ನಿಗೆ ಬೇಡ.

ಕೊನೆಗೆ ಉಳಿದದ್ದು ನಿಂಬೆಹಣ್ಣು. ಮುಂದಿನ ಗಾಲಿಯ ಕೆಳಗಿಟ್ಟು ಸೈಕಲ್ ತಳ್ಳಿದೆ. ಗಾಲಿ ಹಣ್ಣಿನ ಮೇಲೆ ಹತ್ತಿ ಇಳಿಯಿತು. ಹಣ್ಣಿಗೆ ಏನೂ ಆಗಲಿಲ್ಲ.

ಮತ್ತೆ ಇಟ್ಟೆವು. ಹಣ್ಣು ಪಕ್ಕಕ್ಕೆ ಉರುಳಿತು. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು.

"ತೂಕನ ಇಲ್ಲಲ್ರಿ ಇದಕ್ಕ," ಅಂದರು ಪೂಜಾರಿ. "ನೀವು ಮ್ಯಾಲ ಹತ್ತಿ ಕುಂಡ್ರರಿ."

ಸರಿ, ಹಣ್ಣನ್ನು ಮತ್ತೆ ಗಾಲಿಯ ಕೆಳಗಿಟ್ಟು, ಹೆಲ್ಮೆಟ್ ಹಾಕಿಕೊಂಡು ಗತ್ತಿನಿಂದ ಹತ್ತಿದೆ.

ಕಾಲು ಕೆಳಗೆ ಬಿಡುತ್ತೇನೆ... ನೆಲ ಸಿಗುತ್ತಿಲ್ಲ. ಈ ಕಡೆ ವಾಲಿ ಬೆರಳ ತುದಿ ಊರಲು ಹೋಗುತ್ತೇನೆ, ಅಷ್ಟರಲ್ಲಿ ನಿಂಬೆಹಣ್ಣು ಫಚ್ ಅಂತ ಒಡೆದು ಗಾಲಿ ಜಾರುತ್ತದೆ. ಸೈಕಲ್ಲಿಗೆ ಪೆಟ್ಟಾಗಬಾರದೆಂದು ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದು, ನಾನು ಕೆಳಗೆ.

ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ನನ್ನನ್ನು ನೋಡಿ ಮರುಗಿದಳು. "ಯಾರದೋ ದೊಡ್ಡೋರ ಸೈಕಲ್ ತಂದೀಯಲ್ಲೋ ನನ್ನಪ್ಪಾ."

ಮನೆಗೆ ಬಂದು ಸೀಟು ತಳದ ತನಕ ಇಳಿಸಿದೆ. ಆದರೂ ಹ್ಯಾಂಡಲ್ ಹಿಡಿಯುವುದೆಂದರೆ ಪಕ್ಕದ ಮನೆಯ ನುಗ್ಗೆಕಾಯಿ ಕಿತ್ತ ಹಾಗೆ. ಬಿರುಕಿದೆಯಾ ಅಂತ ಇಂಚಿಂಚೂ ನೋಡಿದವನು ಅಳತೆ ಮಾತ್ರ ನೋಡಿರಲಿಲ್ಲ.

ವಾಪಸ್ ಕೊಡೋಣವೆಂದರೆ ಅವ್ವ ಒಪ್ಪಲಿಲ್ಲ. "ಪೂಜಿ ಆಗಿದ್ದು ಮನಿ ಬಿಟ್ಟು ಹೋಗಬಾರ್ದು."

ಜಗುಲಿಯ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಅಳು ಬಂದಂತಾಯಿತು. ಭಾನುವಾರ ಗೆಳೆಯರಿಗೆ ಯಾವ ಮುಖ ತೋರಿಸಲಿ?

ಸಂಜೆ ಗೀತಾ ಚೂಡಿದಾರದ ವೇಲು ಸೊಂಟಕ್ಕೆ ಬಿಗಿದುಕೊಂಡು ಬಂದಳು. ಸೀಟು ಎತ್ತರಿಸಿದಳು, ಹತ್ತಿದಳು, ಓಣಿ ದಾಟಿ ಹೋಗೇಬಿಟ್ಟಳು.

ಕುಷ್ಟಗಿ ಕಡೆಯ ಹಳ್ಳಿಯವಳು. ಎದುರುಗಾಳಿಯಲ್ಲಿ ದಿನಾ ಹೈಸ್ಕೂಲಿಗೆ ಸೈಕಲ್ ತುಳಿದವಳು. ಅದು ನನಗೆ ಮರೆತೇ ಹೋಗಿತ್ತು.

ತಿರುಗಿ ಬಂದಾಗ ಅವಳ ಮುಖ ನೋಡಬೇಕಿತ್ತು ನೀವು. "ಛಲೋ ಐತ್ರಿ. ನನ್ನ ಅಳತಿಗೇ ಮಾಡಿದಂಗ ಐತಿ."

ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ.

ಈಗ ಗುಂಪಿನಲ್ಲಿ ಅವಳೂ ಇದ್ದಾಳೆ. ಕಳೆದ ಭಾನುವಾರ ಇಟಗಿಗೆ ಹೋಗಿದ್ದೆವು. ನಾನು ನನ್ನ ಹಳೇ ಸೈಕಲ್ಲಿನಲ್ಲಿ, ನನ್ನ ಹಳೇ ಜಾಗದಲ್ಲಿ, ಎಲ್ಲರಿಗಿಂತ ಹಿಂದೆ.

ಏದುಸಿರು ಬಿಡುತ್ತಾ ಮುಟ್ಟಿದಾಗ ಎಂದಿನಂತೆ ತಟ್ಟೆ ಖಾಲಿ. ಗೀತಾ ಮಾತ್ರ ಎದ್ದು ಬಂದು ಪೇಪರಿನಲ್ಲಿ ಸುತ್ತಿದ್ದ ಪೊಟ್ಟಣ ಕೈಗಿಟ್ಟಳು. "ಇವರು ಮುಗಸೂಕಿಂತ ಮೊದಲ ತಗದಿಟ್ಟೀನಿ. ಆರ್ತಾವ, ತಿನ್ರಿ."

ಇಷ್ಟು ವರ್ಷದ ಸೈಕ್ಲಿಂಗಿನಲ್ಲಿ ನನಗೆ ಬಿಸಿ ಮಿರ್ಚಿ ಸಿಕ್ಕಿದ್ದು ಇದೇ ಮೊದಲು... ಕಾರ್ಬನ್ ತಗೊಂಡದ್ದು ಸಾರ್ಥಕವಾಯಿತು ಅನ್ನಬಹುದಲ್ಲವಾ?