ಅಜ್ಜನ ಕಡೆಯಿಂದ ಮೊದಲ ಪುಟ

ಲೆಕ್ಕ ಬಿಡಿಸುವ ಮೊದಲೇ ಪುಸ್ತಕದ ಕೊನೆಗೆ ಹೋಗಿ ಉತ್ತರ ನೋಡುವವರ ಜಾತಿಯೊಂದಿದೆ. ನಾನು ಅದರ ಹಿರಿಯ ಸದಸ್ಯೆ. ಉತ್ತರ ನೋಡಿ, "ಇದು ಗೊತ್ತಿತ್ತು" ಎಂದು ನಮಗೆ ನಾವೇ ಹೇಳಿಕೊಂಡು ಮುಂದಿನ ಲೆಕ್ಕಕ್ಕೆ ಹೋಗುವುದು ನಮ್ಮ ಕ್ರಮ. ಹೀಗೆ ಒಂದೇ ಬೆಳಿಗ್ಗೆ ಒಂದು ಅಧ್ಯಾಯ ಮುಗಿಸುವಷ್ಟು ಬುದ್ಧಿವಂತೆಯಾಗಿದ್ದೆ.

ವಿಜ್ಞಾನ ಕಾಲೇಜಿನ ಪ್ರವೇಶ ಪರೀಕ್ಷೆಗೆ ನಾನು ಓದಿದ್ದು ಪಂಪ್‌ವೆಲ್‌ನಲ್ಲಿದ್ದ ಅಜ್ಜನ ದಿನಸಿ ಅಂಗಡಿಯಲ್ಲಿ, ಅಕ್ಕಿ ಮೂಟೆಯ ಮೇಲೆ ಕುಳಿತು. ಗೆಳತಿಯರು ಬಲ್ಮಠದ ಕೋಚಿಂಗಿಗೆ ಹೋಗುತ್ತಿದ್ದರು. ನನಗಿದ್ದದ್ದು ಒಂದು ಹಳೆಯ ಗೈಡು, ಒಂದೇ ಅವಕಾಶ. ಸೀಟು ಸಿಗದಿದ್ದರೆ ಬಿ.ಕಾಂ. ಎಂದು ಮನೆಯಲ್ಲಿ ಮಾತಾಗಿತ್ತು. ಭೌತಶಾಸ್ತ್ರ ಬಿಟ್ಟು ಬೇರೇನನ್ನೂ ಓದಲು ನನಗೆ ಮನಸ್ಸಿರಲಿಲ್ಲ.

ಪರೀಕ್ಷೆಗೆ ಒಂದು ತಿಂಗಳಿರುವಾಗ ಜಂಬ ಕೊಚ್ಚಿದೆ: "ಅಜ್ಜ, ಮೊದಲಿನ ನಲವತ್ತು ಪುಟ ಪೂರ್ತಿ ಮುಗಿಯಿತು." ಊಟ ಮಾಡಿ ಬರುವಷ್ಟರಲ್ಲಿ ಗೈಡು ತೆಳ್ಳಗಾಗಿತ್ತು. ಹೋದದ್ದು ಕೊನೆಯ ನಲವತ್ತು ಪುಟ, ಅಂದರೆ ಉತ್ತರಗಳಷ್ಟೂ.

"ಎಂತ ಮಾರಾಯ್ತಿ, ಮುಖ ಹೀಗೆ? ಪೇಪರ್ ಮುಗಿದಿತ್ತು. ನೀನು ಓದಿ ಆದದ್ದನ್ನೇ ಹರಿದದ್ದು" ಎಂದರು ಅಜ್ಜ.

ನಮ್ಮ ಅಂಗಡಿಯಲ್ಲಿ ಓದಿ ಮುಗಿದ ಕಾಗದಕ್ಕೆ ಒಂದೇ ಗತಿ, ಪೊಟ್ಟಣವಾಗಿ ಗಿರಾಕಿಯ ಮನೆಗೆ. ನಾವು ಬ್ಯಾರಿಗಳು, ಅಜ್ಜ ಓದಲು ಕಲಿತದ್ದು ಮದ್ರಸದಲ್ಲಿ, ಅರಬಿ ಮಾತ್ರ. ಅರಬಿ ಪುಸ್ತಕ ಬಲಗಡೆಯಿಂದ ತೆರೆದುಕೊಳ್ಳುತ್ತದೆ. ನಮ್ಮ ಕೊನೆಯ ಪುಟ ಅವರ ಮೊದಲ ಪುಟ. ಪುಟಸಂಖ್ಯೆ ನೋಡಲು ಕನ್ನಡಕ ಬೇಕು, ಅದು ಯಾವತ್ತೂ ಮನೆಯಲ್ಲೇ. ಆಲ್ಜೀಬ್ರಾ ಎಂಬ ಹೆಸರು ಬಂದದ್ದೂ ಅರಬಿಯಿಂದಲ್ಲವೇ, ಅಜ್ಜನ ಕ್ರಮವೇ ಸರಿಯೇನೋ ಎಂದು ಈಗ ತಮಾಷೆ ಮಾಡಬಹುದು. ಆಗ ಮಾತ್ರ ಅತ್ತುಬಿಟ್ಟಿದ್ದೆ. ವಿಷಯ ತಿಳಿದ ಅಜ್ಜ ತಕ್ಕಡಿಯನ್ನು ಎರಡೆರಡು ಸಲ ಒರೆಸಿದರು.

ಲೆಕ್ಕ ಮಾಡದೆ ನನಗೀಗ ಬೇರೆ ದಾರಿಯಿರಲಿಲ್ಲ. ಬಂದ ಉತ್ತರವನ್ನು ನಂಬುವುದು ಹೇಗೆ? ಇನ್ನೊಂದು ವಿಧಾನದಲ್ಲಿ ಮಾಡಿ ನೋಡಬೇಕು. ಎರಡೂ ಬೇರೆ ಬಂದರೆ ಮತ್ತೆ ಮೊದಲಿನಿಂದ. ಆ 'ಮುಗಿದ' ನಲವತ್ತು ಪುಟಗಳಲ್ಲಿ ಅರ್ಧಕ್ಕರ್ಧ ನನಗೆ ಬರುತ್ತಲೇ ಇರಲಿಲ್ಲ.

ಈ ಮಧ್ಯೆ ಗಿರಾಕಿಗಳು ಮಡಚಿದ ಕಾಗದಗಳನ್ನು ತಂದು ಅಜ್ಜನ ಕೈಗೆ ಕೊಡತೊಡಗಿದರು. ಅಜ್ಜ ಒಬ್ಬೊಬ್ಬರನ್ನೂ ಕೇಳಿದ್ದರಂತೆ: "ನಮ್ಮ ಹುಡುಗಿಗೆ ಪರೀಕ್ಷೆ ಉಂಟು. ಮೊನ್ನೆಯ ಮೆಣಸಿನ ಕಾಗದ ಬಿಸಾಡದಿದ್ದರೆ ತನ್ನಿ." ಮಗಳ ಮನೆಗೆ ಸಾಮಾನು ಒಯ್ದಿದ್ದ ಒಬ್ಬರು ಕೂಳೂರಿನಿಂದ ಬಸ್ಸಿನಲ್ಲಿ ಒಂದು ಹಾಳೆ ಹಿಡಿದುಕೊಂಡು ಬಂದರು. ಅದಕ್ಕೆ ಬೆಲ್ಲ ಅಂಟಿತ್ತು. ಇಪ್ಪತ್ತು ಹಾಳೆಗಳಲ್ಲಿ ಹದಿನಾಲ್ಕು ವಾಪಸು ಬಂದವು. ಅಜ್ಜ ಅವನ್ನೆಲ್ಲ ಮೈದಾ ಅಂಟಿನಿಂದ ತಮ್ಮ ಮೊದಲಿಗೆ, ಅಂದರೆ ನಮ್ಮ ಕೊನೆಗೆ, ಸರಿಯಾದ ಜಾಗಕ್ಕೇ ಅಂಟಿಸಿಕೊಟ್ಟರು. ತಾಳೆ ನೋಡಿದೆ. ನನ್ನ ಉತ್ತರಗಳು ಹೆಚ್ಚಿನವು ಸರಿಯಿದ್ದವು.

ಸೀಟು ಸಿಕ್ಕಿತು. ಅಜ್ಜ ಮೆಲ್ಲಗೆ, "ಪುಸ್ತಕ ಹರಿದದ್ದು ಯಾರಿಗೂ ಹೇಳಬೇಡ ಆಯ್ತಾ" ಎಂದರು. ಕ್ಷಮಿಸಿ ಅಜ್ಜ, ಇಲ್ಲಿ ಹೇಳಿಬಿಟ್ಟೆ. ನೀವು ಹರಿಯದಿದ್ದರೆ ನಾನು ಕಲಿಯುತ್ತಿರಲಿಲ್ಲ; ಊರೆಲ್ಲ ಕೇಳಿ ನೀವು ಒಟ್ಟುಮಾಡದಿದ್ದರೆ, ಕಲಿತದ್ದರ ಮೇಲೆ ನನಗೆ ಧೈರ್ಯವೇ ಬರುತ್ತಿರಲಿಲ್ಲ.

ಈಗ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಆ ಗೈಡು ಮೇಜಿನ ಮೇಲೆಯೇ ಇದೆ. ಒಮ್ಮೊಮ್ಮೆ ಅದನ್ನು ಅಜ್ಜನ ಕಡೆಯಿಂದ ತೆರೆಯುತ್ತೇನೆ. ಮೊದಲು ಮೆಣಸಿನ ಕಲೆಯ ಉತ್ತರಗಳು, ಮುಂದೆ ಹೋದಂತೆ ಬರೀ ಪ್ರಶ್ನೆಗಳು. ಇಷ್ಟು ವರ್ಷ ವಿಜ್ಞಾನ ಓದಿದ ಮೇಲೆ, ಪುಸ್ತಕ ಓದುವ ಸರಿಯಾದ ದಿಕ್ಕು ಅಜ್ಜನದ್ದೇ ಅನ್ನಿಸುತ್ತದೆ.